ಹೊಳಪು ನೋಡಬ್ಯಾಡ್ರಿ, ಕೀಲು ನೋಡ್ರಿ

ಜಾತ್ರೆಯಲ್ಲಿ ಮಡಚು ಚಾಕು ಕೊಳ್ಳುವ ಮುನ್ನ

ಜತ್ತ: ನಮ್ಮ ಕಾಕಾನ ಬಲಗೈ ತೋರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿಯುವಾಗ ಉಳಿದ ಬೆರಳು ಬಾಗುತ್ತವೆ, ಅದೊಂದು ನೆಟ್ಟಗೆ ನಿಂತಿರುತ್ತದೆ. ಯಾರಾದರೂ ಕೇಳಿದರೆ 'ದ್ರಾಕ್ಷಿ ಕಲಮ್ ಮಾಡುವಾಗ ಚಾಕು ಹತ್ತಿತು' ಎಂದಷ್ಟೇ ಹೇಳುತ್ತಾರೆ. ಆ ಚಾಕು ತಂದುಕೊಟ್ಟವನು ನಾನು ಎಂಬುದನ್ನು ಈವರೆಗೆ ಒಬ್ಬರ ಮುಂದೆಯೂ ಹೇಳಿಲ್ಲ. ಹಾಗಾಗಿ ನಾನೇ ಇಲ್ಲಿ ಬರೆಯುತ್ತಿದ್ದೇನೆ.

2017ರ ಮಾತು. ಸಂಕ್ರಮಣದ ಹೊತ್ತಿಗೆ ಒಂದು ಜಾತ್ರೆಯ ಸುದ್ದಿ ಮಾಡಲು ಹೋಗಿದ್ದೆ. ಬಳೆ ಅಂಗಡಿ, ಮಿಠಾಯಿ ಅಂಗಡಿ ದಾಟಿದ ಮೇಲೆ ನೆಲಕ್ಕೆ ತಾಡಪತ್ರಿ ಹಾಸಿ ಒಬ್ಬ ಚಾಕು, ಕತ್ತರಿ, ಉಗುರು ಕಟರ್ ಹರವಿಕೊಂಡು ಕೂತಿದ್ದ. ಕಪ್ಪು ಹಿಡಿಕೆಯ ಒಂದು ಚಾಕು ಕಣ್ಣಿಗೆ ಬಿತ್ತು. ಬಿಚ್ಚಿದರೆ 'ಠಕ್' ಅನ್ನುವ ಸಪ್ಪಳ. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲೆ ಸ್ಟೇನ್‌ಲೆಸ್ ಅಂತ ಇಂಗ್ಲಿಷ್ ಮುದ್ರೆ ಬೇರೆ. 150 ರೂಪಾಯಿ ಅಂದ, ಚೌಕಾಶಿ ಮಾಡಿ 110ಕ್ಕೆ ಇಳಿಸಿದೆ. "ಲಾಕ್ ಆಹೇ ದಾದಾ, ಆಪೋಆಪ್ ಬಂದ್ ಹೋಣಾರ್ ನಾಹೀ" ಅಂದ ಅಂಗಡಿಯವ. ಲಾಕ್ ಐತಿ, ತಾನಾಗೇ ಮುಚ್ಚಂಗಿಲ್ಲ ಅಂತ. ನಂಬಿದೆ. ಕಾಕಾ ಕೈಗಿಟ್ಟಾಗ ಅವರಿಗೂ ಖುಷಿ. "ಪೇಪರಿನವರು ಕೊಟ್ಟ ರೊಕ್ಕದಾಗ ತಂದೇನೋ ತಮ್ಮಾ?" ಎಂದು ನಕ್ಕು ಅಂಗಿ ಕಿಸೆಗೆ ಹಾಕಿಕೊಂಡರು.

ನಮ್ಮ ಕಡೆ ದ್ರಾಕ್ಷಿ ಬಾಗ ಹೇಗೆ ಎಬ್ಬಿಸುತ್ತಾರೆಂದು ಓದುಗರಲ್ಲಿ ಬಹಳ ಜನರಿಗೆ ಗೊತ್ತೇ ಇದೆ. ವರ್ಷದ ಆರಂಭದಲ್ಲಿ ಡಾಗ್‌ರಿಡ್ಜ್‌ನಂಥ ಜಂಗಲಿ ಗಿಡ ಹಚ್ಚುವುದು, ಅದು ಬೇರು ಬಿಟ್ಟು ದಪ್ಪಗಾದ ಮೇಲೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಅದರ ಮೇಲೆ ಬೇಕಾದ ಜಾತಿಯ ಕಡ್ಡಿ ಕಲಮ್ ಮಾಡುವುದು. ಜಂಗಲಿ ಕಾಂಡವನ್ನು ಅಡ್ಡ ಕತ್ತರಿಸಿ, ನಡುವೆ ಚಾಕುವಿನಿಂದ ಸೀಳಿ, ಆ ಸೀಳಿನಲ್ಲಿ ಬೆಣೆಯಂತೆ ಕೆತ್ತಿದ ಕಡ್ಡಿ ಕೂರಿಸಿ ಪಟ್ಟಿ ಸುತ್ತಬೇಕು. ಕಾಕಾ ಅದರಲ್ಲಿ ಪಳಗಿದವರು. ಆರೇಳು ಮಂದಿಯ ಟೋಳಿ ಕಟ್ಟಿಕೊಂಡು ಹಂಗಾಮಿನಲ್ಲಿ ತಾಸಗಾಂವದವರೆಗೂ ಹೋಗುತ್ತಿದ್ದರು.

ಅವತ್ತು ಕಾಂಡ ಸೀಳಿದರು. ಸೀಳು ಬಾಯಿ ಬಿಡಲಿ ಅಂತ ಚಾಕುವನ್ನು ತುಸು ತಿರುಚಿದರು. ಅಲಗು ಕಟ್ಟಿಗೆಯಲ್ಲಿ ಕಚ್ಚಿಕೊಂಡಿತು. ಬಿಡಿಸಲು ಹಿಡಿಕೆಯನ್ನು ಮೇಲಕ್ಕೆತ್ತಿದರು. ಆ ಕ್ಷಣಕ್ಕೆ ಒಳಗಿನ ಲಾಕ್ ಜಾರಿತು, ಅಲಗು ಮಡಚಿತು. ಮಡಚುವ ದಾರಿಯಲ್ಲಿ ಬೆರಳಿತ್ತು.

ಮಿರಜಕ್ಕೆ ಒಯ್ದೆವು. ನಮ್ಮ ಜನ 'ನರ ಕಡಿತು' ಅಂತಾರೆ, ಡಾಕ್ಟರು ಹೇಳಿದ್ದು ಬೆರಳು ಮಡಚುವ ಹುರಿ, ಟೆಂಡನ್. ಹೊಲಿದರು, ಆರು ವಾರ ಪಟ್ಟಿ. ಕಲಮಿನ ಹಂಗಾಮು ಅಷ್ಟರಲ್ಲಿ ಮುಗಿದೇ ಹೋಯಿತು. ಬಿಕಾಂ ಓದಿದವನಿಗೆ ಲೆಕ್ಕ ಹಾಕದೆ ಸಮಾಧಾನ ಇಲ್ಲ. ಒಂದು ಬದಿಗೆ ಚಾಕುವಿನ 110 ರೂಪಾಯಿ ಬರೆದೆ. ಇನ್ನೊಂದು ಬದಿಗೆ ಆಸ್ಪತ್ರೆ, ಬಸ್ಸು, ಔಷಧ, ಟೋಳಿಯ ಮುಂಗಡ ವಾಪಸು, ಕಾಕಾನ ಕೂಲಿ ಬರೆಯುತ್ತ ಹೋದೆ. ಬೆರಳಿಗೆ ಎಷ್ಟು ಬರೆಯಬೇಕೆಂದು ತಿಳಿಯದೆ ಪಟ್ಟಿ ಅಲ್ಲಿಗೇ ಬಿಟ್ಟೆ.

ಅವ್ವನ ಅಡಕೊತ್ತು

ಆ ಚಾಕು ಬಹಳ ದಿನ ಕಪಾಟಿನಲ್ಲಿತ್ತು. ಒಮ್ಮೆ ಅಕ್ಕಲಕೋಟಕ್ಕೆ ಹೋದಾಗ ಸೈಕಲ್ ಚಕ್ರದ ಮೇಲೆ ಸಾಣೆ ಹಿಡಿಯುವ ಒಬ್ಬ ಅಜ್ಜನಿಗೆ ತೋರಿಸಿದೆ. ಅವರು ಬಿಚ್ಚಿ, ಅಲಗು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಒಮ್ಮೆ ಆಡಿಸಿದರು. ಆಮೇಲೆ ನನ್ನನ್ನೇ ಕೇಳಿದರು:

"ತಮ್ಮಾ, ನಿಮ್ಮವ್ವ ಅಡಕೊತ್ತ ಕೊಳ್ಳಾಗ ಏನ ನೋಡ್ತಾಳ?"

"ಎರಡೂ ಕಾಲ ಹಿಡಿದು ಬಾಜೂಕ ಅಲ್ಲಾಡಿಸಿ ನೋಡ್ತಾಳ್ರಿ ಅಜ್ಜಾ."

"ಮತ್ತ ನೀ ಯಾಕ ನೋಡಲಿಲ್ಲ? ಇದೂ ಅದೇ ಜಾತಿದು ಅದ. ಕೀಲ ಸಡಲಾದ್ರ ಅಡಿಕಿ ಹೋಳ ಆಗಂಗಿಲ್ಲ, ಪುಡಿ ಆಗ್ತದ. ಇಲ್ಲಿ ಬಳ್ಳ ಹೋಗ್ತದ."

ನಿಜ. ಮರಾಠಿಯವರು ಅಡಕಿತ್ತಾ ಅನ್ನುವ ಆ ಸಾಮಾನನ್ನು ನಮ್ಮ ಮನೆಗಳ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಸರಿಯಾಗಿ ಪರೀಕ್ಷೆ ಮಾಡಿ ಕೊಳ್ಳುತ್ತಾರೆ. ಚಾಕು ಕೊಳ್ಳುವ ಗಂಡಸರು ಮಾತ್ರ ಹೊಳಪು ನೋಡುತ್ತೇವೆ, ಸಪ್ಪಳ ಕೇಳುತ್ತೇವೆ, ಹೆಬ್ಬೆರಳಿನ ಮೇಲೆ ಬಾಯಿ ಹರಿತ ನೋಡುತ್ತೇವೆ. ಹರಿತ ಇಲ್ಲದಿದ್ದರೆ ಸಾಣೆ ಹಿಡಿಸಬಹುದು. ಕೀಲು ಕೆಟ್ಟದಿದ್ದರೆ ಮಾಡುವಂಥದ್ದು ಹೆಚ್ಚೇನಿಲ್ಲ. ಅಜ್ಜನ ಹತ್ತಿರ ಅವತ್ತು ಒಂದು ತಾಸು ಕೂತೆ. ಆಮೇಲೆ ಓದಿಯೂ, ನಾಲ್ಕಾರು ಚಾಕು ಬಿಚ್ಚಿ ನೋಡಿಯೂ ತಿಳಿದದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಅಲ್ಲಾಟದಲ್ಲಿ ಎರಡು ತೆರ

ಮಡಚು ಚಾಕು ಎಂದರೆ ಹಿಡಿಕೆ, ಅಲಗು, ಇವೆರಡನ್ನೂ ಕೂಡಿಸುವ ಒಂದು ಕೀಲು. ಕೀಲು ರಿವೆಟ್ ಇರಬಹುದು, ಸ್ಕ್ರೂ ಇರಬಹುದು. ಕೀಲಿನ ತೂತು ಮೊಳೆಗಿಂತ ತುಸು ದೊಡ್ಡದಾದರೆ, ಅಥವಾ ಹಿಡಿಕೆಯ ಎರಡು ಪಕ್ಕೆಗಳ ನಡುವಿನ ಜಾಗ ಅಲಗಿನ ದಪ್ಪಕ್ಕಿಂತ ಹೆಚ್ಚಾದರೆ ಅಲಗು ಅಲ್ಲಾಡುತ್ತದೆ. ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ ಮೂರು ಇಂಚು ದೂರದ ಮೊನೆಯಲ್ಲಿ ಅದು ಹಲವು ಪಟ್ಟು ಆಗಿ ಕಾಣುತ್ತದೆ.

ಮೊದಲನೆಯದು ಬಾಜೂ ಅಲ್ಲಾಟ, ಎಡ-ಬಲ. ಚಾಕು ಪೂರ್ತಿ ಬಿಚ್ಚಿ. ಎಡಗೈಯಲ್ಲಿ ಹಿಡಿಕೆ ಗಟ್ಟಿಯಾಗಿ ಹಿಡಿದು, ಬಲಗೈ ಹೆಬ್ಬೆರಳು-ತೋರುಬೆರಳಿನಿಂದ ಅಲಗಿನ ನಡುಭಾಗವನ್ನು ಬೆನ್ನಿನ ಕಡೆಯಿಂದ ಚಿವುಟಿ ಹಿಡಿಯಿರಿ. ಬಾಯಿ ಕಡೆ ಬೆರಳು ಹೋಗಬಾರದು. ಈಗ ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಿ. ಒಳ್ಳೆಯ ಚಾಕು ಕಲ್ಲಿನಂತೆ ಇರುತ್ತದೆ. ಸಡಿಲ ಇದ್ದರೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ 'ಟಿಕ್ ಟಿಕ್' ಅಂತ ತಿಳಿಯುತ್ತದೆ.

ಇಲ್ಲೊಂದು ಮೋಸವಿದೆ. ತೆಳ್ಳನೆಯ ಅಲಗು ಕೀಲು ಗಟ್ಟಿ ಇದ್ದರೂ ತಾನೇ ಬಾಗುತ್ತದೆ, ಅದು ದೋಷವಲ್ಲ. ಎರಡರ ವ್ಯತ್ಯಾಸ ತಿಳಿಯಲು ಇನ್ನೊಬ್ಬರ ಸಹಾಯ ಪಡೆದು, ಅಲಗು ಹಿಡಿಕೆಯೊಳಗೆ ಹೊಗುವ ಜಾಗದಲ್ಲಿ ಹೆಬ್ಬೆರಳ ಉಗುರನ್ನು ಎರಡಕ್ಕೂ ತಾಗುವಂತೆ ಇಡಿ. ಅಲಗು ಆಡಿಸುವಾಗ ಆ ಉಗುರಿಗೆ ಸಂದು ಸರಿದಂತೆ ಅನ್ನಿಸಿದರೆ ಅದು ಕೀಲಿನ ಸಡಿಲ. ಉಗುರಿಗೆ ಏನೂ ತಿಳಿಯದೆ ಮೊನೆ ಮಾತ್ರ ಬಾಗಿದರೆ ಅದು ಲೋಹದ ಬಳುಕು.

ಎರಡನೆಯದು ಮೇಲೆ-ಕೆಳಗೆ ಅಲ್ಲಾಟ. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಇದು ಬಹುತೇಕ ಲಾಕಿನ ದೋಷ. ಬಿಚ್ಚಿದ ಅಲಗನ್ನು ಬೆನ್ನಿನ ಮೇಲೆ ಹಗುರವಾಗಿ ಒತ್ತಿ ಬಿಡಿ, ಒತ್ತಿ ಬಿಡಿ. ಬಾಗಿಲು ಚಿಲಕ ಹಾಕಿದರೂ ಅಲುಗಿದಂತೆ ಲೊಟಲೊಟ ಅಂದರೆ ಅಲಗು ಮತ್ತು ಲಾಕ್ ನಡುವೆ ಜಾಗ ಇದೆ ಅಂತ ಅರ್ಥ. ಬೆನ್ನಿನ ಮೇಲೆ ಲಾಕ್ ಇರುವ ಚಾಕುಗಳಲ್ಲಿ ಹೊಸದರಲ್ಲೂ ಒಂಚೂರು ಇರುವುದುಂಟು, ಅದಕ್ಕೆ ಹೆದರಬೇಕಿಲ್ಲ. ಲಾಕೇ ಇಲ್ಲದೆ ಬರೀ ಸ್ಪ್ರಿಂಗ್ ಒತ್ತಡದಿಂದ ನಿಲ್ಲುವ ಚಾಕುಗಳಲ್ಲಿ ಒತ್ತಿದರೆ ಅಲಗು ತುಸು ಇಳಿದು ಮತ್ತೆ ಏರುತ್ತದೆ. ಅದು ಅವುಗಳ ಗುಣ, ಸಡಿಲವಲ್ಲ.

ಅಂಗಡಿಯವರ ಒಂದು ಕೈಚಳಕವನ್ನೂ ಹೇಳಬೇಕು. ಸ್ಕ್ರೂ ಕೀಲಿನ ಚಾಕು ಇದ್ದರೆ ಮಾರುವ ಮುನ್ನ ಬಿಗಿ ಮಾಡಿ ಇಟ್ಟಿರುತ್ತಾರೆ. ಆಗ ಅಲ್ಲಾಟ ಅಡಗಿರುತ್ತದೆ, ಆದರೆ ಅಲಗು ಬಿಚ್ಚಲು ಉಗುರು ಕಿತ್ತುಬರುತ್ತದೆ. ಹಾಗಾಗಿ ಇಪ್ಪತ್ತು ಸಲ ಬಿಚ್ಚಿ ಮುಚ್ಚಿ, ಆಮೇಲೆ ಮತ್ತೆ ಅಲ್ಲಾಡಿಸಿ ನೋಡಿ. ಅಂಗಡಿಯವ ಸಿಟ್ಟಾದರೆ ಆಗಲಿ.

ನನ್ನ ಆ ಚಾಕುವಿನ ಕಥೆ ಇಷ್ಟೇ. ಅದರೊಳಗೆ ಪಕ್ಕೆಯ ತಗಡನ್ನೇ ಸೀಳಿ ಬಾಗಿಸಿ ಲಾಕ್ ಮಾಡಿದ್ದರು. ಅಲಗು ಬಿಚ್ಚಿದಾಗ ಆ ತಗಡು ಒಳಗೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲಬೇಕು. 1980ರ ದಶಕದಲ್ಲಿ ಅಮೆರಿಕದ ಮೈಕೆಲ್ ವಾಕರ್ ಎಂಬ ಚಾಕು ತಯಾರಕ ಇದನ್ನು ಈಗಿನ ರೂಪಕ್ಕೆ ತಂದ, ಸರಿಯಾಗಿ ಮಾಡಿದರೆ ಒಳ್ಳೆಯ ಲಾಕ್. ಆದರೆ ನನ್ನದರಲ್ಲಿ ತಗಡು ಕಾಗದದಷ್ಟು ತೆಳ್ಳಗೆ, ಬುಡದ ಅಂಚಿಗೆ ಮಾತ್ರ ತಾಗಿತ್ತು. ಮೇಲಾಗಿ ಬಾಜೂ ಅಲ್ಲಾಟ. ತಿರುಚಿದಾಗ ಅಲಗು ಒಂದು ಕಡೆ ವಾಲಿ, ಅಂಚಿಗೆ ನಿಂತಿದ್ದ ತಗಡು ಜಾರಿತು. 'ಠಕ್' ಸಪ್ಪಳಕ್ಕೂ ಗಟ್ಟಿತನಕ್ಕೂ ಏನೂ ಸಂಬಂಧ ಇಲ್ಲ ಅಂತ ಆವತ್ತು ತಿಳಿಯಿತು.

ಇಂಥ ಲಾಕ್ ಇದ್ದರೆ ಚಾಕು ಬಿಚ್ಚಿ ಹಿಡಿಕೆಯ ಸಂದಿನಿಂದ ಒಳಗೆ ನೋಡಿ. ತಗಡಿನ ತುದಿ ಅಲಗಿನ ಬುಡದ ದಪ್ಪದಲ್ಲಿ ಕಾಲು ಭಾಗವಾದರೂ ಆವರಿಸಿರಬೇಕು. ಬರೀ ಅಂಚಿಗೆ ನಿಂತಿದ್ದರೆ ಬಿಟ್ಟು ಬನ್ನಿ. ಆ ಕಡೆಯ ಪಕ್ಕೆಗೆ ಹೋಗಿ ಮುಟ್ಟಿದ್ದರೆ ಸವೆದು ಮುಗಿದಿದೆ ಅಂತ ತಿಳಿಯಿರಿ.

ಲಾಕ್ ಗಟ್ಟಿಯೋ ಅಂತ ನೋಡಲು ಕೆಲವರು ಅಲಗಿನ ಬೆನ್ನನ್ನು ಮೇಜಿಗೆ ಜೋರಾಗಿ ಬಡಿಯುತ್ತಾರೆ. ದಯವಿಟ್ಟು ಮಾಡಬೇಡಿ. ಒಳ್ಳೆಯ ಲಾಕೂ ಹಾಳಾಗುತ್ತದೆ, ಕೆಟ್ಟದಾದರೆ ಬೆರಳು ಹಾಳಾಗುತ್ತದೆ. ಹಿಡಿಕೆಯನ್ನು ಎರಡು ಪಕ್ಕೆಗಳಿಂದ ಮಾತ್ರ ಹಿಡಿದು, ಅಲಗು ಮಡಚುವ ದಾರಿಯಲ್ಲಿ ಒಂದು ಬೆರಳೂ ಇರದಂತೆ ನೋಡಿಕೊಂಡು, ಅಲಗಿನ ಬೆನ್ನನ್ನು ಕಟ್ಟಿಗೆಯ ಮೇಲಿಟ್ಟು ಮೆಲ್ಲಗೆ ಒತ್ತಿ. ಒತ್ತುತ್ತಲೇ ತುಸು ತಿರುಚಿ. ಕಲಮಿನ ಕೆಲಸದಲ್ಲಿ ಆಗುವುದು ಅದೇ ತಾನೇ.

ಬೆಳಕಿಗೆ ಹಿಡಿದು ನೋಡಿ

ಅಲ್ಲಾಟ ಬಿಟ್ಟರೆ ಕಟ್ಟೋಣದ ಕಡೆ ಬರೋಣ. ಚಾಕು ಮುಚ್ಚಿ ಹಿಡಿಕೆಯ ಸಂದಿನಲ್ಲಿ ನೋಡಿ. ಅಲಗು ಎರಡು ಪಕ್ಕೆಗಳ ನಡುವೆ ನೇರ ಕೂತಿರಬೇಕು. ಒಂದು ಪಕ್ಕೆಗೆ ವಾಲಿ ಉಜ್ಜುತ್ತಿದ್ದರೆ ಕೀಲು ಸೊಟ್ಟ, ಇಲ್ಲವೇ ಅಲಗೇ ಸೊಟ್ಟ. ಒಂದಿಷ್ಟು ವಾಲಿದರೂ ಉಜ್ಜದಿದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ, ಬೆಲೆ ಇಳಿಸಲು ಒಂದು ನೆಪ ಆಗುತ್ತದೆ.

ಬೆನ್ನಿನಲ್ಲಿ ಸ್ಪ್ರಿಂಗ್ ಇರುವ ಹಳೆ ಮಾದರಿಯ ಚಾಕುವನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸ್ಪ್ರಿಂಗ್ ಮತ್ತು ಪಕ್ಕೆಯ ನಡುವೆ ಬೆಳಕು ಹಾಯ್ದರೆ ಜೋಡಣೆ ಸಡಿಲ. ಅಲ್ಲೇ ನೀರು, ಮಣ್ಣು, ಹಣ್ಣಿನ ರಸ ಸೇರುವುದು. ಇನ್ನೊಂದು, ಮುಚ್ಚಿದಾಗಲೂ ಬಿಚ್ಚಿದಾಗಲೂ ಸ್ಪ್ರಿಂಗಿನ ಬೆನ್ನು ಹಿಡಿಕೆಯ ಬೆನ್ನಿಗೆ ಸಮ ಇರಬೇಕು. ಹೆಬ್ಬೆರಳು ಸವರಿದರೆ ಏರು-ತಗ್ಗು ತಾಗಬಾರದು. ಅರ್ಧ ಬಿಚ್ಚಿದಾಗಲೂ ಸಮ ಇದ್ದರೆ ಅದನ್ನು ಮಾಡಿದವ ಕೈಪಳಗಿದ ಕಮ್ಮಾರನೇ ಸೈ.

ಚಾಕು ಮುಚ್ಚುವಾಗ ಕಡೆಗೆ ಸ್ಪ್ರಿಂಗ್ ಎಳೆದುಕೊಂಡು 'ಟಪ್' ಅನ್ನುತ್ತದಲ್ಲ, ಕೆಲವು ಚಾಕುಗಳಲ್ಲಿ ಆಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಹೋಗಿ ಬಡಿಯುತ್ತದೆ. ಹತ್ತು ಸಲ ಮುಚ್ಚಿ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಜಾಗದಲ್ಲಿ ಬಿಳಿ ಚುಕ್ಕೆ ಹೊಳೆದರೆ ಅಲ್ಲಿ ಬಾಯಿ ಮೊಂಡಾಗಿದೆ. ನೀವು ಎಷ್ಟು ಸಾಣೆ ಹಿಡಿಸಿದರೂ ಕಿಸೆಯಲ್ಲಿ ಇಡುವಷ್ಟರಲ್ಲಿ ಅದು ಮತ್ತೆ ಮೊಂಡು.

ಅಲಗಿನ ಲೋಹಕ್ಕೆ ಒಂದು ಸಣ್ಣ ಅಯಸ್ಕಾಂತ ಸಾಕು. ಹಾಳಾದ ರೇಡಿಯೋ ಸ್ಪೀಕರಿನದಾದರೂ ಆದೀತು. ಗಟ್ಟಿ ಬಾಯಿ ಹಿಡಿಯುವ ಉಕ್ಕಿಗೆ, ಅದು ಸ್ಟೇನ್‌ಲೆಸ್ ಇರಲಿ ಸಾದಾ ಇರಲಿ, ಅಯಸ್ಕಾಂತ ಹತ್ತಲೇಬೇಕು. ಹತ್ತದಿದ್ದರೆ ಅದು ತಾಟು-ಲೋಟ ಮಾಡುವ ಜಾತಿಯ ಸ್ಟೀಲ್. ಅದಕ್ಕೆ ಬೆಂಕಿ-ನೀರಿನ ಹದ ಕೂರುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಹತ್ತಿದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಸಾಣೆ ಅಜ್ಜ ಮುರಿದ ಅರವನ್ನು ಅಲಗಿನ ಬುಡದಲ್ಲಿ, ಬಾಯಿ ಇಲ್ಲದ ಕಡೆ, ಒಮ್ಮೆ ಎಳೆದು ನೋಡುತ್ತಾರೆ. ಅರ ಜಾರಿದರೆ ಅಲಗಿಗೆ ಹದ ಸಿಕ್ಕಿದೆ, ಬೆಲ್ಲ ಕೆರೆದಂತೆ ಕಚ್ಚಿದರೆ ಸಿಕ್ಕಿಲ್ಲ. ಆದರೆ ಕೊಳ್ಳುವ ಮೊದಲೇ ಅಂಗಡಿಯಲ್ಲಿ ಅರ ಹಚ್ಚಲು ಹೋದರೆ ಜಗಳ ಖಂಡಿತ.

ರಾಂಪುರ ಮತ್ತು ಹೊರದೇಶ

ನಮ್ಮಲ್ಲಿ ಮಡಚು ಚಾಕು ಅಂದಕೂಡಲೇ ಹಿರಿಯರ ಬಾಯಲ್ಲಿ ಬರುವುದು ರಾಂಪುರಿ. ಉತ್ತರಪ್ರದೇಶದ ರಾಂಪುರದಲ್ಲಿ ನವಾಬರ ಕಾಲದಿಂದ ಬೆಳೆದ ಕಸುಬು. ಹಿಂದಿ ಸಿನಿಮಾದ ಖಳನಾಯಕರ ಕೈಗೆ ಸಿಕ್ಕು ಹೆಸರೂ ಆಯಿತು, ಹೆಸರು ಕೆಟ್ಟೂ ಹೋಯಿತು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ತಡೆ ಹಾಕಿದ ಮೇಲೆ ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ಒಂದು ಚೌಕದಲ್ಲಿ ಸುಮಾರು ಇಪ್ಪತ್ತು ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿ ಚಾಕು ಚೌಕ ಅಂತ ಹೆಸರಿಟ್ಟರು. ಜಾತ್ರೆಯಲ್ಲಿ 'ಅಸಲಿ ರಾಂಪುರಿ' ಅಂತ ಕೂಗುವ ಎಲ್ಲ ಚಾಕು ರಾಂಪುರದ್ದಲ್ಲ ಅಂತ ಬೇರೆ ಹೇಳಬೇಕಿಲ್ಲ.

ಹೊರದೇಶದ ರೈತರೂ ಕಿಸೆಯಲ್ಲಿ ಚಾಕು ಇಟ್ಟುಕೊಂಡೇ ಹೊಲಕ್ಕೆ ಹೋದವರು. ಫ್ರಾನ್ಸಿನ ಸವೊಯಿ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಕಟ್ಟಿಗೆ ಹಿಡಿಕೆಯ ಒಂದು ಸಾದಾ ಚಾಕು ಮಾಡಿದ. ಒಂದು ಅಲಗು, ಒಂದು ಮೊಳೆ, ಒಂದು ತುಂಡು ಕಟ್ಟಿಗೆ, ಅಷ್ಟೇ. 1955ರಲ್ಲಿ ಅದೇ ಮನೆತನದವರು ಕೀಲಿನ ಮೇಲೆ ತಿರುಗುವ ಲೋಹದ ಉಂಗುರ ಸೇರಿಸಿದರು. ಅಲಗು ಬಿಚ್ಚಿ ಉಂಗುರ ತಿರುವಿದರೆ ಅಲಗು ಮಡಚುವ ದಾರಿಯೇ ಬಂದ್. ನನ್ನ ಎಣಿಕೆಯಲ್ಲಿ ರೈತರಿಗೆ ಇದಕ್ಕಿಂತ ಸರಳ ಲಾಕ್ ಇಲ್ಲ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಿಳಿಯುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಅಲಗು ಬಿಚ್ಚಲಾರದಷ್ಟು ಬಿಗಿಯುವುದೊಂದೇ ಅದರ ತಕರಾರು.

ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಕೆಯ ಚಾಕು ಎಲ್ಲರಿಗೂ ಗೊತ್ತು. 1884ರಲ್ಲಿ ಕಾರ್ಲ್ ಎಲ್ಸೆನರ್ ತೆರೆದ ಕಾರ್ಖಾನೆ, 1897ರಲ್ಲಿ ನೋಂದಣಿಯಾದ ಆಫೀಸರ್ ಚಾಕು. ಅದರ ಚಿಕ್ಕ ಮಾದರಿಗಳಲ್ಲಿ ಅಲಗಿಗೆ ಲಾಕೇ ಇಲ್ಲ, ಬರೀ ಸ್ಪ್ರಿಂಗ್. ಆದರೂ ಬಾಜೂಕೆ ಅಲ್ಲಾಡುವುದಿಲ್ಲ, ಬಿಚ್ಚಿದರೆ 'ಟಕ್' ಅಂತ ನಿಲ್ಲುತ್ತದೆ. ಪರೀಕ್ಷೆ ಕಲಿಯುವವರು ಪರಿಚಯದವರ ಹತ್ತಿರ ಅಂಥದ್ದೊಂದು ಇದ್ದರೆ ಒಮ್ಮೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಲಿ. ಗಟ್ಟಿ ಅಂದರೆ ಏನು ಅಂತ ಬೆರಳಿಗೆ ಒಮ್ಮೆ ನೆನಪುಳಿದರೆ ಜಾತ್ರೆಯಲ್ಲಿ ಮೋಸ ಹೋಗುವುದು ಕಷ್ಟ.

ಹಾಗಂತ ಲಾಕ್ ಇದ್ದರೇ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದು ಅನ್ನುವಂತಿಲ್ಲ. ಕ್ಷೌರದ ಕತ್ತಿಗೆ ಎಲ್ಲಿದೆ ಲಾಕ್? ಅದಿಲ್ಲ ಅಂತ ಗೊತ್ತಿರುವುದರಿಂದಲೇ ಹಿಡಿಯುವವನ ಕೈ ಎಚ್ಚರದಲ್ಲಿರುತ್ತದೆ. ಲಾಕ್ ಇದೆ ಅಂತ ನಂಬಿಸಿ ಕೈಕೊಡುವ ಚಾಕುವೇ ಎಲ್ಲಕ್ಕಿಂತ ಅಪಾಯದ್ದು.

ರಸ, ಮಣ್ಣು, ಹೈಪೋ

ಕೊಳ್ಳುವಾಗ ಗಟ್ಟಿ ಇದ್ದ ಚಾಕು ಎರಡೇ ವರ್ಷದಲ್ಲಿ ಲೊಟಗುಟ್ಟುವುದು ಯಾಕೆ? ನಮ್ಮ ಬಾಗಗಳಲ್ಲಿ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದ್ರಾಕ್ಷಿ ರಸದ ಸಕ್ಕರೆ ಕೀಲಿನೊಳಗೆ ಅಂಟಾಗಿ ಕೂರುತ್ತದೆ. ಅದರ ಮೇಲೆ ಎರೆ ಮಣ್ಣಿನ ಧೂಳು. ಎರಡೂ ಸೇರಿದರೆ ಕೀಲಿನೊಳಗೆ ಸಾಣೆಯೇ ತಯಾರು. ಒಂದೊಂದು ಸಲ ಬಿಚ್ಚಿ ಮುಚ್ಚಿದಾಗಲೂ ಮೊಳೆ ಸವೆಯುತ್ತದೆ, ತೂತು ಅಗಲಾಗುತ್ತದೆ.

ದಾಳಿಂಬೆಯವರಿಗೆ ಇನ್ನೊಂದು ಕಷ್ಟ. ಸಾದಾ ಉಕ್ಕಿನ ಅಲಗಿಗೆ ದಾಳಿಂಬೆ ಒಗರು ಹತ್ತಿದರೆ ಮಸಿಯಂತೆ ಕಪ್ಪಾಗುತ್ತದೆ. ಅದು ಬರೀ ಬಣ್ಣ, ಒರೆಸಿ ಒಣಗಿಸಿದರೆ ಹೆದರುವಂಥದ್ದಲ್ಲ. ಹೆದರಬೇಕಾದ್ದು ಬೇರೆ. ತೇಲ್ಯಾ ರೋಗ ಗಿಡದಿಂದ ಗಿಡಕ್ಕೆ ಹೋಗದಿರಲಿ ಅಂತ ಛಾಟಣಿ ಮಾಡುವ ಹತಾರಗಳನ್ನು ಸೋಡಿಯಂ ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದಬೇಕೆಂದು 2005ರಿಂದ ಸೊಲ್ಲಾಪುರದಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವರು ಹೇಳುತ್ತ ಬಂದಿದ್ದಾರೆ. ಸರಿಯಾದ ಮಾತು, ಅದನ್ನು ಬಿಡಬಾರದು. ಆದರೆ ಹೈಪೋ ಕಬ್ಬಿಣವನ್ನು ತಿನ್ನುತ್ತದೆ. ಮಡಚು ಚಾಕುವನ್ನು ಅದ್ದಿ ಹಾಗೇ ಕಿಸೆಗೆ ಹಾಕಿದರೆ ಅಲಗು ಹೊರಗೆ ಹೊಳೆಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣದ ಕೀಲಿನ ಮೊಳೆ ಒಳಗೆ ತುಕ್ಕು ಹಿಡಿದು ಸಪೂರ ಆಗುತ್ತಿರುತ್ತದೆ. ಸಂಜೆ ಮನೆಗೆ ಬಂದ ಮೇಲೆ ಚಾಕು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಬಿಚ್ಚಿದಂತೆಯೇ ಗಾಳಿಗೆ ಒಣಗಿಸಿ, ಕೀಲಿಗೆ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡಿ. ಅದೇ ಚಾಕುವಿನಲ್ಲಿ ಹಣ್ಣು ಹೆಚ್ಚಿ ತಿನ್ನುವವರು ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಲಿ. ಕೊಬ್ಬರಿ ಎಣ್ಣೆ, ಸೇಂಗಾ ಎಣ್ಣೆ ಹಾಕಬೇಡಿ, ಕೆಲವೇ ದಿನದಲ್ಲಿ ಜಿಡ್ಡಾಗಿ ಮಣ್ಣು ಹಿಡಿಯುತ್ತದೆ.

ಸಡಿಲಾದ ಚಾಕುವನ್ನು ಸರಿ ಮಾಡಬಹುದೇ? ಸ್ಕ್ರೂ ಕೀಲಾದರೆ ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ನಕ್ಷತ್ರದ ಮೊನೆಯ ಸಣ್ಣ ಸ್ಕ್ರೂಡ್ರೈವರ್ ಸಾಕು, ಕೂದಲೆಳೆಯಷ್ಟು ತಿರುವಿ ನೋಡುತ್ತ ಹೋಗಬೇಕು. ರಿವೆಟ್ ಕೀಲಾದರೆ ಕಮ್ಮಾರರು ಅಡಿಗಲ್ಲಿನ ಮೇಲಿಟ್ಟು ಮೊಳೆಯ ತಲೆಗೆ ಸುತ್ತಿಗೆಯಿಂದ ಹಗುರ ಏಟು ಹಾಕಿ ಹರಡಿಸುತ್ತಾರೆ. ಹೆಚ್ಚಾದರೆ ಅಲಗು ತಿರುಗುವುದೇ ಇಲ್ಲ, ಹಾಗಾಗಿ ಎರಡೇಟು ಹಾಕಿ ಬಿಚ್ಚಿ ನೋಡುವುದು, ಮತ್ತೆ ಎರಡೇಟು. ಬಾಜೂ ಅಲ್ಲಾಟ ಇದರಿಂದ ಕಡಿಮೆ ಆಗುತ್ತದೆ. ಲಾಕ್ ಸವೆದು ಬಂದ ಮೇಲೆ-ಕೆಳಗಿನ ಅಲ್ಲಾಟಕ್ಕೆ ಸುತ್ತಿಗೆಯಲ್ಲಿ ಔಷಧ ಇಲ್ಲ. ಅಂಥದ್ದನ್ನು ಸುತಳಿ ಕತ್ತರಿಸಲು ಇಟ್ಟುಕೊಳ್ಳಿ, ಕಾಂಡ ಸೀಳಲು ಬೇಡ.

ಕಾಂಡ ಸೀಳುವುದಕ್ಕೆ ಮಡಚು ಚಾಕುವೇ ಯಾಕೆ ಬೇಕು ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಹಿಡಿಕೆಗೆ ಬಿಗಿದ ನೆಟ್ಟನೆ ಚಾಕುವಿಗೆ ಕೀಲೂ ಇಲ್ಲ, ಅಲ್ಲಾಟವೂ ಇಲ್ಲ. ಕಾಕಾನ ಉತ್ತರ ಹೀಗಿತ್ತು: "ದಿನಕ್ಕ ನೂರು ಸಲ ಕುಂಡ್ರತೀವಿ, ಏಳತೀವಿ. ಗಾಡಿ ಮ್ಯಾಲ ಹೋಗತೀವಿ. ನೆಟ್ಟನ ಚಾಕು ಕಿಸೆದಾಗ ಇಟ್ಟರ ತೊಡಿಗೇ ಕಲಮ್ ಆಗತೈತಿ." ಚರ್ಮದ ಒರೆ ಹೊಲಿಸಿಕೊಂಡರೆ ಆ ತೊಂದರೆ ಇಲ್ಲ ಅನ್ನುವುದು ನನ್ನ ವಾದ. ಇಬ್ಬರೂ ಇನ್ನೂ ಒಪ್ಪಿಲ್ಲ.

ಪೊಲೀಸರು ಕೇಳಿದರೆ

ಗಡಿಯಲ್ಲಿ ಓಡಾಡುವ ನಮಗೆ ಇದೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಶಸ್ತ್ರಗಳ ಪಟ್ಟಿಗೆ ಬರುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವು ಅದರಿಂದ ಹೊರಗೆ. ಕಿಸೆಯ ಮೂರು ಇಂಚಿನ ಚಾಕು ಆ ಅಳತೆಗೆ ಬರುವುದಿಲ್ಲ. ಆದರೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಪ್ರಕಾರ ಚುನಾವಣೆ, ಹಬ್ಬ, ಜಾತ್ರೆಗಳ ಹೊತ್ತಿಗೆ ಚಾಕು-ಲಾಠಿ ಹಿಡಿದು ಓಡಾಡದಂತೆ ಆದೇಶ ಹೊರಡಿಸುವುದುಂಟು. ಅಂಥ ದಿನಗಳಲ್ಲಿ ಕಿಸೆಯ ಚಾಕುವಿಗೂ ಪ್ರಶ್ನೆ ಬರಬಹುದು. ಜಾತ್ರೆಯಲ್ಲಿ ಕೊಂಡ ಚಾಕುವನ್ನು ಗೆಳೆಯರ ಮುಂದೆ ಬಿಚ್ಚಿ ಮುಚ್ಚಿ ಆಡುವುದು ಬಿಟ್ಟು ಕಾಗದದಲ್ಲಿ ಸುತ್ತಿಸಿ ಚೀಲದ ತಳಕ್ಕೆ ಹಾಕಿಕೊಂಡು ಮನೆಗೆ ಹೋಗುವುದು ಲೇಸು.

ಯಲ್ಲಮ್ಮನ ಜಾತ್ರೆಯಲ್ಲಿ

ಕಳೆದ ಸಲ ಜತ್ತದ ಯಲ್ಲಮ್ಮನ ಜಾತ್ರೆಗೆ ಕಾಕಾನ ಜೊತೆ ಹೋಗಿದ್ದೆ. ಅವರೀಗ ಕಲಮ್ ಮಾಡುವುದಿಲ್ಲ, ಟೋಳಿ ನೋಡಿಕೊಳ್ಳುತ್ತಾರೆ. ಟೋಳಿಗೆ ಹೊಸದಾಗಿ ಸೇರಿದ ಹುಡುಗನಿಗೆ ಒಂದು ಚಾಕು ಬೇಕಿತ್ತು. ಮೊದಲ ಅಂಗಡಿಯಲ್ಲಿ ಹನ್ನೊಂದು ಚಾಕು ಬಿಚ್ಚಿ ನೋಡಿದರು. ಅಂಗಡಿಯವ "ಕಾಕಾ, ಘ್ಯಾಯಚಂ ಆಹೇ ಕಾ ನುಸ್ತಂ ಬಘಾಯಚಂ?" ಅಂತ ಗೊಣಗಿದ. ಕೊಳ್ಳೋದಾ, ಬರೀ ನೋಡೋದಾ ಅಂತ. ಕಾಕಾ ತಲೆ ಎತ್ತಲಿಲ್ಲ.

ಎರಡನೆಯ ಅಂಗಡಿಯಲ್ಲಿ ಕಟ್ಟಿಗೆ ಹಿಡಿಕೆಯದೊಂದು ಸಿಕ್ಕಿತು. ಹೊಳಪು ಏನೂ ಇರಲಿಲ್ಲ. ಬೆಳಕಿಗೆ ಹಿಡಿದರು, ಬೆನ್ನು ಸವರಿದರು, ಇಪ್ಪತ್ತು ಸಲ ಬಿಚ್ಚಿ ಮುಚ್ಚಿದರು. ಆಮೇಲೆ ಹಿಡಿಕೆ ಗಟ್ಟಿಯಾಗಿ ಎಡಗೈಯಲ್ಲಿ ಹಿಡಿದು ಅಲಗನ್ನು ನನ್ನ ಕಡೆ ಚಾಚಿದರು.

"ತಮ್ಮಾ, ನೀ ಚಿವುಟಿ ನೋಡು. ನನ್ನ ಬಳ್ಳಿಗೆ ಅಲ್ಲಾಡೋದು ತಿಳಿಯಂಗಿಲ್ಲ."

ನೋಡಿದೆ. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಹುಡುಗನ ಕೈಗೂ ಕೊಟ್ಟು ನೋಡಿಸಿದೆ. ಅಂಗಡಿಯವ 260 ಅಂದ. ನಾನು ಸುಮ್ಮನೆ ರೊಕ್ಕ ತೆಗೆದೆ. ಕಾಕಾ ನನ್ನ ಕೈ ಹಿಡಿದು ನಿಲ್ಲಿಸಿ ಅವನನ್ನು 230ಕ್ಕೆ ಇಳಿಸಿದರು.